ತೊಲದಿಂದ ಕಿಲೋಗ್ರಾಮಿಗೆ

"ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ" ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಬಳ್ಳವೆಂಬುದು ಧಾನ್ಯ ಅಳೆಯುವ ಒಂದು ಮಾನವೆಂದು ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ತಿಳಿಯದು. ಅವರನ್ನೇಕೆ ಅನ್ನಬೇಕು? ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ, ದಿನವೆಲ್ಲ ಅಂಕಿಗಳ ನಡುವೆ ಕಳೆಯುವ ನನಗಾದರೂ ಹಳೆಯ ತೂಕ ಅಳತೆಗಳ ಪರಿಚಯ ಎಲ್ಲಿತ್ತು? ಅದು ಆದದ್ದು ನಮ್ಮ ಮನೆಯಲ್ಲಿ ಹುಟ್ಟಿದ ಒಂದು ಮನಸ್ತಾಪದಿಂದ.

ನಮ್ಮ ಅಜ್ಜಿ ಧಾರವಾಡದ ಕಡೆಯವರು. 1955ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದವರು. ತೀರಿಕೊಳ್ಳುವ ಮೊದಲು ತಮ್ಮ ಒಡವೆಗಳ ವಿವರವನ್ನು ಒಂದು ಹಳೆಯ ವಹಿಯಲ್ಲಿ ಬರೆದಿಟ್ಟಿದ್ದರು. ಮದುವೆಯಲ್ಲಿ ತವರಿನವರು ಮಾಡಿಸಿಕೊಟ್ಟ ಪಾಟಲಿ, 6 ತೊಲ, ದೊಡ್ಡ ಮಗಳಿಗೆ. 1996ರಲ್ಲಿ ಇಲ್ಲಿಯ ಪೇಟೆಯಲ್ಲಿ ಕೊಂಡ ಬೋರಮಳ ಸರ, 7 ತೊಲ, ಚಿಕ್ಕ ಮಗಳಿಗೆ. ಇಷ್ಟೇ ಬರಹ. "ನನಗ ಅವ್ವ ಒಂದು ತೊಲಿ ಕಡಿಮಿ ಯಾಕ ಮಾಡಿದಳು?" ಎಂದು ದೊಡ್ಡತ್ತೆ ಕಣ್ಣೀರು ಹಾಕಿದರು. ಚಿಕ್ಕತ್ತೆ ತಾನೇನೂ ಕೇಳಿ ಪಡೆದಿಲ್ಲವೆಂದು ಮುನಿಸಿಕೊಂಡರು. ಎರಡು ವರ್ಷ ಅಕ್ಕತಂಗಿಯರ ನಡುವೆ ಮಾತಿಲ್ಲ. ಕೊನೆಗೆ ನಾನು ಎರಡೂ ಒಡವೆಗಳನ್ನು ಬೇಡಿ ತಂದು ಒಂದೇ ತಕ್ಕಡಿಯಲ್ಲಿ ತೂಗಿಸಿದೆ. ಪಾಟಲಿ 70 ಗ್ರಾಂ. ಸರವೂ 70 ಗ್ರಾಂ! ಆರು ತೊಲ ಏಳು ತೊಲಕ್ಕೆ ಸಮನಾದುದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ತಿಳಿದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತೇನೆ.

ಮೊದಲು, ನಾವು ಅಳೆಯುವುದು ಏನನ್ನು ಎಂಬುದನ್ನು ನೋಡೋಣ. ಜಾಗವನ್ನು ಹಿಡಿಯುವ, ತೂಕವುಳ್ಳ ಎಲ್ಲವೂ ದ್ರವ್ಯವೆಂಬುದು ರಸಾಯನಶಾಸ್ತ್ರದ ಮೊದಲ ಪಾಠ. ದ್ರವ್ಯವನ್ನು ಎರಡು ರೀತಿಯಿಂದ ಲೆಕ್ಕ ಹಿಡಿಯಬಹುದು. ಎಷ್ಟು ಜಾಗ ಹಿಡಿಯಿತು ಎಂಬುದು ಗಾತ್ರ. ಎಷ್ಟು ದ್ರವ್ಯ ಇದೆ ಎಂಬುದು ದ್ರವ್ಯರಾಶಿ. ಇವೆರಡೂ ಒಂದೇ ಅಲ್ಲ. ಅಜ್ಜಿ ಊರಿನಿಂದ ತಂದ ಹಿತ್ತಾಳೆಯ ಸೇರು ನಮ್ಮ ಅಡಿಗೆಮನೆಯಲ್ಲಿ ಇನ್ನೂ ಇದೆ. ಅದರ ತುಂಬ ನೀರು ಹಾಕಿ ತೂಗಿದೆ, 1,120 ಗ್ರಾಂ ಬಂತು. ಅಕ್ಕಿ ತುಂಬಿ ಬಾಯಿಯ ಮಟ್ಟಕ್ಕೆ ಕೈಯಿಂದ ಸವರಿ ತೂಗಿದೆ, 930 ಗ್ರಾಂ. ಅವಲಕ್ಕಿಯಾದರೋ 400 ಗ್ರಾಮೂ ತೂಗಲಿಲ್ಲ. ಪಾತ್ರೆ ಒಂದೇ, ಗಾತ್ರ ಒಂದೇ, ತೂಕ ಮಾತ್ರ ಬೇರೆ ಬೇರೆ. ಒಂದೇ ಜಾಗದಲ್ಲಿ ಹೆಚ್ಚು ದ್ರವ್ಯ ಅಡಗಿದ್ದರೆ ಸಾಂದ್ರತೆ ಹೆಚ್ಚು ಎನ್ನುತ್ತಾರೆ. ಧಾನ್ಯವನ್ನು ಸೇರಿನಲ್ಲಿ ಅಳೆದು ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಬಡವನಿಗೆ ಮೋಸವಾಗುತ್ತಿದ್ದುದೂ ಇಲ್ಲಿಯೇ. ಕೊಳ್ಳುವಾಗ ಗೋಪುರದಂತೆ ತುಂಬಿಸಿಕೊಂಡು, ಕೊಡುವಾಗ ಬಾಯಿಯ ಮಟ್ಟಕ್ಕೆ ಸವರಿದರೆ ಸೇರು ಸುಳ್ಳಾಗಲಿಲ್ಲ, ಲೆಕ್ಕ ಮಾತ್ರ ಸುಳ್ಳಾಯಿತು.

ಸಾಲದುದಕ್ಕೆ ಸೇರು ಎಂಬ ಹೆಸರೇ ಊರಿಗೊಂದು ಅರ್ಥ ತಾಳುತ್ತಿತ್ತು. ಹಳೆಯ ಮೈಸೂರಿನ ಕಚ್ಚಾ ಸೇರು 24 ರೂಪಾಯಿ ತೂಕದ್ದು, ಎಂದರೆ ಸುಮಾರು 280 ಗ್ರಾಂ. ಬ್ರಿಟಿಷ್ ಸರಕಾರ ಮಾನ್ಯ ಮಾಡಿದ ಸೇರು 80 ತೊಲದ್ದು, 933 ಗ್ರಾಂ. ಮಣದ ಕಥೆಯೂ ಇದೇ. ಮದರಾಸಿನ ಮಣ 25 ಪೌಂಡು, ಮುಂಬಯಿಯ ಮಣ 28 ಪೌಂಡು, ಬಂಗಾಳದ ಮಣವಾದರೋ 82 ಪೌಂಡಿಗೂ ಮಿಗಿಲು. ಒಂದೂರಿನಲ್ಲಿ ಮಣದ ಲೆಕ್ಕದಿಂದ ಕೊಂಡು ಇನ್ನೊಂದೂರಿನಲ್ಲಿ ಮಣದ ಲೆಕ್ಕದಿಂದ ಮಾರುವವನ ಪಾಡು ತಕ್ಕಡಿಯಲ್ಲಿ ಕಪ್ಪೆ ತೂಗಿದಂತೆಯೇ ಸರಿ. ಚಿನ್ನವನ್ನು ಅಕ್ಕಸಾಲಿಗರು ಗುಲಗಂಜಿಯಿಂದ ತೂಗುತ್ತಿದ್ದರು. 96 ಗುಲಗಂಜಿಗೆ ಒಂದು ತೊಲವೆಂದು ಎಣಿಕೆ. ಆದರೆ ಬೀಜ ಬೀಜಕ್ಕೂ ವ್ಯತ್ಯಾಸ ಉಂಟಷ್ಟೆ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬೆಳ್ಳಿ ರೂಪಾಯಿಯ ತೂಕವನ್ನೇ ತೊಲವೆಂದು ಗೊತ್ತುಪಡಿಸಿತು. ಅದು 180 ಗ್ರೇನ್, ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ನಾಣ್ಯವೇ ತೂಕದ ಕಲ್ಲೂ ಆದ ಕಾಲವದು.

ಈ ಗೊಂದಲ ನಮ್ಮ ನಾಡಿನದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಫ್ರಾನ್ಸಿನಲ್ಲಿಯೂ ಪ್ರಾಂತಕ್ಕೊಂದು, ಪೇಟೆಗೊಂದು ಅಳತೆ ಇತ್ತು. ಧಾನ್ಯದ ರೂಪದಲ್ಲಿ ಕಂದಾಯ ಎತ್ತುವ ಜಮೀನುದಾರರು ಅಳತೆಯ ಪಾತ್ರೆಯನ್ನೇ ದೊಡ್ಡದು ಮಾಡಿಕೊಳ್ಳುತ್ತಾರೆಂಬ ದೂರು ಹಳೆಯದು. 1789ರ ಕ್ರಾಂತಿಯ ಹೊತ್ತಿಗೆ ಹಳ್ಳಿ ಹಳ್ಳಿಗಳಿಂದ ಬಂದ ಅಹವಾಲುಗಳಲ್ಲಿ ಒಂದೇ ತೂಕ, ಒಂದೇ ಅಳತೆ ಬೇಕೆಂಬ ಬೇಡಿಕೆಯೂ ಸೇರಿತ್ತು.

ಈ ಕಾರ್ಯದಲ್ಲಿ ಕೈಹಾಕಿದವರಲ್ಲಿ ಆಂಟೊಯಿನ್ ಲವಾಸಿಯೇ ಎಂಬಾತನು ಪ್ರಮುಖನು. 1743ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈತನನ್ನು ಆಧುನಿಕ ರಸಾಯನಶಾಸ್ತ್ರದ ಜನಕನೆಂದು ಕರೆಯುತ್ತಾರೆ. ಆದರೆ ಆತನ ಹೊಟ್ಟೆಪಾಡಿನ ಉದ್ಯೋಗ ರಾಜನ ತೆರಿಗೆ ಎತ್ತುವ ಗುತ್ತಿಗೆದಾರರ ಮಂಡಳಿಯಲ್ಲಿ. ಒಂದು ಬ್ಯಾಂಕಿನ ಆಡಳಿತದಲ್ಲಿಯೂ ಇದ್ದವನು. ಎಂದಮೇಲೆ ನಮ್ಮಂಥ ಲೆಕ್ಕದವರ ಪಂಕ್ತಿಯವನೇ ಎನ್ನಬೇಕು! ಜಮಾ ಖರ್ಚು ತಾಳೆಯಾಗದೆ ವಹಿ ಮುಚ್ಚಬಾರದೆಂಬ ನಿಯಮವನ್ನು ಆತನು ದ್ರವ್ಯಕ್ಕೂ ಅನ್ವಯಿಸಿದನು.

ಆತನ ಪ್ರಸಿದ್ಧ ಪ್ರಯೋಗವೊಂದನ್ನು ಹೇಳುತ್ತೇನೆ. 4 ಔನ್ಸ್ ಪಾದರಸವನ್ನು ಮುಚ್ಚಿದ ಗಾಳಿಯಲ್ಲಿ 12 ದಿನ ಕಾಯಿಸಿದನು. ಪಾದರಸದ ಮೇಲೆ ಕೆಂಪು ಪುಡಿ ಕಟ್ಟಿತು. ಗಾಳಿಯಲ್ಲಿ 7–8 ಘನ ಅಂಗುಲದಷ್ಟು ಕಡಮೆಯಾಯಿತು. ಆ ಪುಡಿಯನ್ನು ಕೂಡಿಸಿ ತೂಗಲಾಗಿ 45 ಗ್ರೇನ್. ಅದನ್ನು ಇನ್ನೂ ತೀವ್ರವಾಗಿ ಕಾಯಿಸಿದಾಗ ನಲವತ್ತೊಂದೂವರೆ ಗ್ರೇನ್ ಪಾದರಸ ಮರಳಿ ಬಂತು. ಉಳಿದ ಮೂರೂವರೆ ಗ್ರೇನ್ ಎಲ್ಲಿ ಹೋಯಿತು? ಅದರೊಡನೆಯೇ ಹೊರಬಿದ್ದ 7–8 ಘನ ಅಂಗುಲ ವಾಯುವಿನಲ್ಲಿ! ಗಾಳಿಯಿಂದ ಖರ್ಚಾದದ್ದೇ ಇಲ್ಲಿ ಜಮೆಯಾಯಿತು. ಆ ವಾಯುವಿಗೆ ಆತನು ಆಕ್ಸಿಜನ್ ಎಂದು ಹೆಸರಿಟ್ಟನು. ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯ ರೂಪ ಬದಲಿಸುತ್ತದೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ ಎಂಬ ನಿಯಮಕ್ಕೆ ಇಂಥ ತೂಕಗಳೇ ಆಧಾರವಾದವು. ತಕ್ಕಡಿ ಖರೆಯಿರದಿದ್ದರೆ ಈ ಶಾಸ್ತ್ರವೇ ಇರುತ್ತಿರಲಿಲ್ಲ.

ಹೊಸ ತೂಕಕ್ಕೆ ಯಾವ ಅರಸನ ಆಜ್ಞೆಯೂ ಆಧಾರವಾಗಿರಬಾರದು, ಎಲ್ಲ ಕಾಲಕ್ಕೂ ಎಲ್ಲ ಜನಕ್ಕೂ ಸಲ್ಲುವ ಪ್ರಕೃತಿಯೇ ಆಧಾರವಾಗಿರಬೇಕು ಎಂದು ವಿಜ್ಞಾನಿಗಳು ಯೋಚಿಸಿದರು. ಭೂಮಿಯ ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗ ಮೀಟರು. ಮೀಟರಿನ ಹತ್ತರಲ್ಲೊಂದು ಭಾಗದ ಘನದಲ್ಲಿ ಹಿಡಿಯುವ ಶುದ್ಧ ನೀರಿನ ತೂಕ ಕಿಲೋಗ್ರಾಂ. ಆ ನೀರನ್ನು ಮೊದಲು ಸೂಕ್ಷ್ಮವಾಗಿ ತೂಗಿದವರು ಲವಾಸಿಯೇ ಮತ್ತು ಆತನ ಸಂಗಡಿಗ ಆಯೂಯಿ. ಆದರೆ ತೆರಿಗೆ ಗುತ್ತಿಗೆದಾರರ ಮೇಲೆ ಜನರ ಕೋಪ ಉರಿಯುತ್ತಿತ್ತು. ಹೊಗೆಸೊಪ್ಪಿಗೆ ನೀರು ಬೆರೆಸಿದರೆಂಬುದೂ ಅವರ ಮೇಲಿನ ಆರೋಪಗಳಲ್ಲೊಂದು. 1794ರ ಮೇ 8ರಂದು ಲವಾಸಿಯೇ ತನ್ನ ಜೊತೆಗಾರರೊಡನೆ ಗಿಲೊಟಿನ್ ಯಂತ್ರಕ್ಕೆ ತಲೆಕೊಟ್ಟನು. ಮೆಟ್ರಿಕ್ ಪದ್ಧತಿಯ ಕಾನೂನು ಬಂದದ್ದು 1795ರ ಏಪ್ರಿಲ್ 7ರಂದು. ತಾನು ತೂಗಿದ ತೂಕ ಲೋಕಕ್ಕೆ ಸಲ್ಲುವುದನ್ನು ಕಾಣುವ ಭಾಗ್ಯ ಆತನಿಗೆ ಇರಲಿಲ್ಲ.

1799ರಲ್ಲಿ ಪ್ಲಾಟಿನಮ್ಮಿನ ಕಿಲೋಗ್ರಾಂ ಸಿದ್ಧವಾಯಿತು. 1875ರಲ್ಲಿ 17 ದೇಶಗಳು ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. 1889ರಲ್ಲಿ ಪ್ಲಾಟಿನಂ ಮತ್ತು ಇರಿಡಿಯಂ ಮಿಶ್ರಲೋಹದ ಹೊಸ ಮೂಲತೂಕವನ್ನು ಪ್ಯಾರಿಸಿನ ಹತ್ತಿರದ ಸೆವ್ರ್‌ನಲ್ಲಿ ಇರಿಸಿದರು. ಭಾರತದ ಪಾಲಿಗೆ ಬಂದ ಅದರ ಪ್ರತಿರೂಪ 57ನೆಯದು. ಅದು ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ.

ನಮ್ಮಲ್ಲಿ ಈ ಬದಲಾವಣೆ ಬಂದ ಕಾಲ ಕನ್ನಡಿಗರಿಗೆ ವಿಶೇಷವಾದುದು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು ಒಂದಾದದ್ದು 1956ರ ನವೆಂಬರ್ 1ರಂದು. ತೂಕ ಅಳತೆಗಳ ಪ್ರಮಾಣವನ್ನು ಗೊತ್ತುಪಡಿಸುವ ಕಾನೂನು ಬಂದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಬೇರೆ ಬೇರೆ ಸೇರು, ಮಣಗಳಲ್ಲಿ ಬಾಳು ನಡೆಸಿದ್ದ ಅಣ್ಣತಮ್ಮಂದಿರಿಗೆ ಒಂದು ನಾಡೂ ಒಂದು ತೂಕವೂ ಒಟ್ಟಿಗೆ ಬಂದವು. 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯದಾಯಿತು. 1958ರ ಅಕ್ಟೋಬರ್ 1ರಿಂದ ಕಿಲೋ ತೂಕ ಹಂತ ಹಂತವಾಗಿ ಬಂದು, 1962ರ ಹೊತ್ತಿಗೆ ದೇಶದಲ್ಲೆಲ್ಲ ಕಡ್ಡಾಯವಾಯಿತು. ಆಗ ಮುಂಬಯಿಯ ಅಂಗಡಿಕಾರನೊಡನೆ, "ಸೇರಿನ ಲೆಕ್ಕದಾಗ ಹೇಳಪಾ" ಎಂದು ಜಗಳಾಡುತ್ತಿದ್ದೆನೆಂದು ಅಜ್ಜಿ ನಗುತ್ತಿದ್ದರು. ಅವರ ಸೇರಿನಲ್ಲಿ ಅಕ್ಕಿ 930 ಗ್ರಾಂ ಬಂದದ್ದನ್ನು ಓದುಗರು ನೆನೆದಾರು. 80 ತೊಲಕ್ಕೆ 933 ಗ್ರಾಂ. ಆ ಸೇರು ಮೋಸದ್ದಲ್ಲ.

ಇನ್ನು ನಮ್ಮ ಮನೆಯ ಒಗಟು. ಪಾಟಲಿ ತೂಗಿದ್ದು ಹಳೆಯ ತೊಲದಲ್ಲಿ, 11.66ರಂತೆ 6 ತೊಲಕ್ಕೆ 70 ಗ್ರಾಂ. ಮೆಟ್ರಿಕ್ ಬಂದಮೇಲೆ ಪೇಟೆಯವರು ತೊಲವೆಂಬ ಹೆಸರನ್ನು ಬಿಡದೆ, ಲೆಕ್ಕದ ಸೌಕರ್ಯಕ್ಕಾಗಿ ಅದನ್ನು 10 ಗ್ರಾಂ ಮಾಡಿಕೊಂಡರು. ಬೋರಮಳ ಸರ ಆ ಹೊಸ ತೊಲದ್ದು. 7 ತೊಲಕ್ಕೆ 70 ಗ್ರಾಂ. ಮೂರನೆಯ ಇಯತ್ತೆಯವರೆಗೆ ಮಾತ್ರ ಓದಿದ ಅಜ್ಜಿ ಇಬ್ಬರು ಹೆಣ್ಣುಮಕ್ಕಳಿಗೂ ಗ್ರಾಮಿಗೆ ಗ್ರಾಂ ಸರಿತೂಗಿಸಿದ್ದರು. ಎರಡೂ ತೊಲದ ಮರ್ಮ ಅವರಿಗೆ ತಿಳಿದಿತ್ತು, ತಿಳಿಯದವರು ನಾವು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ದೊಡ್ಡತ್ತೆಗೆ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ತಂಗಿಗೆ ಫೋನ್ ಹಚ್ಚಿ ಕೊಡು" ಎಂದರು.

ಸೆವ್ರ್‌ನ ಮೂಲತೂಕಕ್ಕೂ ಅದರ ಪ್ರತಿರೂಪಗಳಿಗೂ ನೂರು ವರ್ಷಗಳಲ್ಲಿ ಸುಮಾರು 50 ಮೈಕ್ರೋಗ್ರಾಮಿನಷ್ಟು, ಎಂದರೆ ಗ್ರಾಮಿನ ಇಪ್ಪತ್ತು ಸಾವಿರದಲ್ಲೊಂದು ಭಾಗದಷ್ಟು ಅಂತರ ಕಂಡುಬಂತು. ಅದಕ್ಕಾಗಿ 2019ರ ಮೇ 20ರಿಂದ ಲೋಹದ ತುಂಡನ್ನು ಬಿಟ್ಟು, ಎಂದೂ ಬದಲಾಗದ ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಮನ್ನು ನಿಲ್ಲಿಸಿದ್ದಾರೆ. ಅಷ್ಟು ಅಲ್ಪ ಅಂತರಕ್ಕೂ ವಿಜ್ಞಾನಿಗಳು ಸುಮ್ಮನಿರಲಿಲ್ಲ. ಒಂದು ತೊಲಕ್ಕಾಗಿ ಎರಡು ವರ್ಷ ಮಾತು ಬಿಟ್ಟವರ ಮನೆಯಲ್ಲಿ ಬೆಳೆದ ನನಗೆ ಅದು ಅತಿಯೆಂದು ತೋರುವುದಿಲ್ಲ. ಹಳೆಯ ವಹಿ, ಹಳೆಯ ಸೇರು ನಿಮ್ಮ ಮನೆಯಲ್ಲೂ ಇದ್ದಾವು. ಅವುಗಳ ಲೆಕ್ಕವನ್ನು ಬಲ್ಲ ಹಿರಿಯರು ಇರುವಾಗಲೇ ಕೂತು ಕೇಳಿ, ಮಕ್ಕಳಿಗಾಗಿ ಬರೆದಿಡಿರೆಂದು ವಿನಂತಿ.