ಗೋರೆಗಾಂವ್‌ನ ಚಾವಡಿ

ಗೋರೆಗಾಂವ್‌ನಲ್ಲಿ ನಮ್ಮ ಕರಾವಳಿಯವರ ಫ್ಲ್ಯಾಟುಗಳಿಗೆ ಈಗ ಹೋದರೆ ಬಾಗಿಲು ತೆರೆದ ಕೂಡಲೇ ಕಾಣುವುದು ಊರು. ಹಿತ್ತಾಳೆಯ ಕಾಲುದೀಪ, ಸೀಲಿಂಗಿನಿಂದ ಇಳಿಬಿಟ್ಟ ತೂಗುಮಂಚ, ಗೋಡೆಯಲ್ಲಿ ಯಕ್ಷಗಾನದ ಕಿರೀಟ, ಮೂಲೆಯಲ್ಲಿ ಯಾವ ಭಾರವನ್ನೂ ಹೊರದ ಒಂದು ಮರದ ಕಂಬ. ಇಂಟೀರಿಯರ್‌ನವರು ಇದಕ್ಕೆ ‘ಟ್ರೆಡಿಶನಲ್ ಲುಕ್’ ಅನ್ನುತ್ತಾರೆ. ಊರಿಂದ ಬಂದ ನೆಂಟರು ಮಾತ್ರ ಸ್ವಲ್ಪ ತಬ್ಬಿಬ್ಬಾಗುತ್ತಾರೆ. ಯಾಕೆಂದರೆ ಅವರ ಮನೆಯಲ್ಲಿರುವುದು ವಿಟ್ರಿಫೈಡ್ ಟೈಲ್ಸು, ಸೋಫಾ ಸೆಟ್ಟು, ಫಾಲ್ಸ್ ಸೀಲಿಂಗು. ಈ ಅದಲುಬದಲು ಹೇಗಾಯಿತು ಅನ್ನುವುದಕ್ಕೆ ಒಂದು ಚರಿತ್ರೆ ಇದೆ. ನಾನು ನೋಡಿದಷ್ಟು, ಓದಿದಷ್ಟು ಹೇಳುತ್ತೇನೆ.

ನಾನು 1976ರಲ್ಲಿ ಸೋದರಮಾವನ ಹಿಂದೆ ಬಂದು ಸೇರಿದ್ದು ಗೋರೆಗಾಂವ್ ಪಶ್ಚಿಮದ ಮೋತಿಲಾಲ್ ನಗರಕ್ಕೆ. 143 ಎಕರೆ ಜಾಗದಲ್ಲಿ ಹೌಸಿಂಗ್ ಬೋರ್ಡಿನವರು ಸಾಲು ಸಾಲಾಗಿ ಕಟ್ಟಿಸಿದ ಬೈಠಿ ಚಾಳುಗಳು. ಒಂದು ಖೋಲಿ, ಅದಕ್ಕೆ ಅಂಟಿದ ಅಡುಗೆ ಜಾಗ, ಮೂಲೆಯಲ್ಲಿ ಮೋರಿ. ಆರು ಜನ ಇದ್ದೆವು. ಅಲಂಕಾರ ಅಂದರೆ ಸ್ಟೀಲು ಪಾತ್ರೆಗಳ ಮಾಂಡಣಿ, ಅದರ ಪಕ್ಕ ಫ್ರೇಮು ಹಾಕಿಸಿದ ಲಕ್ಷ್ಮಿ, ಹೋಟೆಲಿನವರು ಕೊಟ್ಟ ಕ್ಯಾಲೆಂಡರು, ಬಾಗಿಲಿಗೆ ದಸರಾದಿಂದ ಒಣಗುತ್ತಿದ್ದ ಮಾವಿನೆಲೆ. ಅತ್ತೆ ವಾರಕ್ಕೊಮ್ಮೆ ಮಾಂಡಣಿಯ ಪಾತ್ರೆಗಳನ್ನೆಲ್ಲ ಇಳಿಸಿ, ಉಜ್ಜಿ, ಎತ್ತರದ ಪ್ರಕಾರ ಮತ್ತೆ ಜೋಡಿಸುತ್ತಿದ್ದರು. ಪಕ್ಕದ ಮನೆಯ ಮರಾಠಿ ಬಾಯಿಯದ್ದಕ್ಕಿಂತ ನಮ್ಮದು ಹೆಚ್ಚು ಹೊಳೆಯಬೇಕು, ಅಷ್ಟೇ. ಖೋಲಿಯನ್ನು ಊರಿನ ಹಾಗೆ ಮಾಡಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಊರು ಊರಲ್ಲೇ ಇತ್ತಲ್ಲ, ಮೇ ತಿಂಗಳಲ್ಲಿ ಹೋಗಿ ನೋಡಿ ಬರುವುದಕ್ಕೆ!

ಆ ಲಕ್ಷ್ಮಿಯ ವಿಷಯ ಹೇಳಬೇಕು. ಅದನ್ನು ಅತ್ತೆ ಊರಿಂದ ತಂದಿದ್ದರು, ಅಜ್ಜಿಯ ಕಾಲದ್ದು ಅಂತ. ಆದರೆ ಈ ಜಾತಿಯ ದೇವರ ಪಟಗಳು ಹುಟ್ಟಿದ್ದೇ ಮುಂಬಯಿಯಲ್ಲಿ. ರಾಜಾ ರವಿವರ್ಮ ತನ್ನ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸುವ ಪ್ರೆಸ್ಸನ್ನು 1894ರಲ್ಲಿ ಇಲ್ಲಿ ಶುರುಮಾಡಿದ. ಯಂತ್ರ ಜರ್ಮನಿಯದು, ತಂತ್ರಜ್ಞರೂ ಅಲ್ಲಿಯವರು. ಆಮೇಲೆ ಪ್ರೆಸ್ಸು ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು, ಕೊನೆಗೆ ಸಾಲದ ಭಾರಕ್ಕೆ ಫ್ರಿಟ್ಜ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಕೈಗೆ ಮಾರಾಟವಾಯಿತು. ಅಲ್ಲಿಂದ ಹೊರಟ ಲಕ್ಷ್ಮಿ ಸರಸ್ವತಿಯರು ದೇಶದ ಮನೆಮನೆಯ ಗೋಡೆ ಹತ್ತಿದರು. ಕೆಲವು ಮನೆಗಳಲ್ಲಿ ಹೆಂಗಸರು ಪಟದ ಸೀರೆಗೆ ಜರಿ, ಮಣಿ ಅಂಟಿಸಿ ಮತ್ತೆ ಗಾಜು ಹಾಕಿಸುತ್ತಿದ್ದರು.

ಹಂಚಿನದ್ದೂ ಇದೇ ಕತೆ. ಹಳೆಯ ಕಾಲದ ಮನೆ ಅಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕೆಂಪು ಹಂಚಿನ ಮಾಡು. ಆ ಹಂಚನ್ನು ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಕಾರ್ಖಾನೆ ಹಾಕಿ ಮಾಡಿಸಲು ತೊಡಗಿದ್ದು. ಅದಕ್ಕೆ ಮುಂಚೆ ನಮ್ಮಲ್ಲಿ ಬಹುಪಾಲು ಮನೆಗಳಿಗೆ ಮುಳಿಹುಲ್ಲೇ ಗತಿ. ಹಂಚು ಹಡಗು ಹತ್ತಿ ಮುಂಬಯಿಗೂ ಬಂತು. ಇಲ್ಲಿನ ಮರಾಠಿಗರು ಇವತ್ತಿಗೂ ಅದಕ್ಕೆ ‘ಮಂಗಳೂರಿ ಕೌಲು’ ಅನ್ನುತ್ತಾರೆ. ಕೆಂಪು ನೆಲವೂ ಅಷ್ಟೇ, ಸಿಮೆಂಟು ಬಂದ ಮೇಲಿನದ್ದು. ಅದಕ್ಕೆ ಮೊದಲು ಸೆಗಣಿ ಸಾರಿಸಿದ ನೆಲ. ಹೀಗಾಗಿ ‘ಸಾವಿರಾರು ವರ್ಷದ ಪರಂಪರೆ’ ಅಂತ ಯಾರಾದರೂ ಫ್ಲ್ಯಾಟಿನಲ್ಲಿ ಕೆಂಪು ನೆಲ ತೋರಿಸಿದರೆ ನಾನು ಸುಮ್ಮನೆ ಚಹಾ ಕುಡಿಯುತ್ತೇನೆ.

ಕಂಬ ಮಾತ್ರ ನಿಜವಾಗಿ ಹಳೆಯದು. ನಮ್ಮದು ಉಡುಪಿ ಕಡೆಯ ಒಂದು ಹಳ್ಳಿಯ ಗುತ್ತಿನ ಮನೆ. ಅಂಗಳ ದಾಟಿ ಮೆಟ್ಟಿಲು ಹತ್ತಿದರೆ ಚಾವಡಿ. ಹಲಸಿನ ಮರದ ಎಂಟು ಕಂಬ, ಬೋದಿಗೆಯಲ್ಲಿ ಕೆಳಮುಖವಾಗಿ ಬಿರಿದ ತಾವರೆ. ಮೇಲೆ ಮರದ ಮುಚ್ಚಿಗೆ. ಬೇಸಗೆಯ ಮಧ್ಯಾಹ್ನ ಅದರ ಕೆಳಗೆ ಮಲಗಿದರೆ ಫ್ಯಾನು ಬೇಡ. ಒಂದು ಬದಿ ದೈವದ ಮಂಚಾವು, ಇನ್ನೊಂದು ಬದಿ ಯಜಮಾನರ ತೂಗುಮಂಚ. ಗೇಣಿಯ ಲೆಕ್ಕ, ಜಗಳದ ಪಂಚಾತಿಗೆ, ಮದುವೆಯ ಮಾತು ಎಲ್ಲ ಅಲ್ಲೇ. ಕಂಬಗಳಿಗೆ ಯಾರೂ ಪಾಲಿಶ್ ಹೊಡೆದದ್ದು ನನಗೆ ನೆನಪಿಲ್ಲ. ತಲೆಮಾರುಗಟ್ಟಲೆ ಜನ ಎಣ್ಣೆ ಹಚ್ಚಿದ ಬೆನ್ನು ಒರಗಿಸಿಯೇ ಅವಕ್ಕೆ ಆ ಬಣ್ಣ ಬಂದಿತ್ತು.

ಇಂಥ ಮನೆಗಳು ಬಿದ್ದದ್ದಕ್ಕೆ ಕಾರಣ ಒಂದಲ್ಲ. ಅಳಿಯಕಟ್ಟಿನ ಕುಟುಂಬದ ಆಸ್ತಿ ಕವರುಗಳ ನಡುವೆ ಪಾಲಾಗಲು 1949ರ ಮದರಾಸಿನ ಅಳಿಯಸಂತಾನ ಕಾಯಿದೆ ದಾರಿ ಮಾಡಿತು. ಹೊಲ ಪಾಲಾಗಬಹುದು, ಚಾವಡಿಯನ್ನು ಪಾಲು ಮಾಡುವುದು ಹೇಗೆ? ಎಷ್ಟೋ ಮನೆಗಳಲ್ಲಿ ಎಲ್ಲರದ್ದೂ ಅನ್ನುವುದು ಯಾರದ್ದೂ ಅಲ್ಲ ಅಂತಾಗಿ, ಸೋರುವ ಮಾಡಿಗೆ ಹಂಚು ಹೊದೆಸುವವರಿಲ್ಲದೆ ಹೋಯಿತು. ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣೆ, 1974ರ ಮಾರ್ಚ್ 1ರಿಂದ. ಚಾಲಗೇಣಿಯವರು ಡಿಕ್ಲರೇಶನ್ ಕೊಟ್ಟರು, ಟ್ರಿಬ್ಯೂನಲ್ಲಿನಲ್ಲಿ ಭೂಮಿ ಅವರದ್ದಾಯಿತು. ಗೇಣಿಯ ಅಕ್ಕಿಯ ಮೇಲೆ ನಿಂತಿದ್ದ ದೊಡ್ಡ ಮನೆಗೆ ಅಕ್ಕಿಯೇ ಬರಲಿಲ್ಲ. ನನ್ನಂಥ ಎಷ್ಟೋ ಹುಡುಗರು ಮುಂಬಯಿಯ ಬಸ್ಸು ಹತ್ತಿದ್ದು ಆಗಲೇ. ಒಡೆಯರ ಮಕ್ಕಳೂ ಹತ್ತಿದರು, ಒಕ್ಕಲು ಮಕ್ಕಳು ಅದಕ್ಕೂ ಮುಂಚಿನಿಂದಲೇ ಹತ್ತುತ್ತಿದ್ದರು. ಇಬ್ಬರೂ ಒಂದೇ ಹೋಟೆಲಿನಲ್ಲಿ ಲೋಟ ತೊಳೆದು, ಒಂದೇ ರಾತ್ರಿ ಶಾಲೆಗೆ ಹೋದರು.

ಮೂರನೆಯ ಕಾರಣ ನಾವೇ, ಅಂದರೆ ಮುಂಬಯಿಯ ದುಡ್ಡು. ಎಂಬತ್ತರ ದಶಕದಲ್ಲಿ ಊರಲ್ಲಿ ತಾರಸಿ ಮನೆ ಕಟ್ಟಿಸಿದವನೇ ಗೆದ್ದವನು. ನಮ್ಮ ಮನೆ 1988ರಲ್ಲಿ ಇಳಿಯಿತು. ಎಲ್ಲರಂತೆ ನಾನೂ ಪಾಲಿನ ಹಣ ಕಳಿಸಿದೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಹತ್ತು ಕಡೆ ಪಾತ್ರೆ ಇಟ್ಟು ನೀರು ಹಿಡಿಯುತ್ತಿದ್ದ ಅಮ್ಮನಿಗೆ ಪರಂಪರೆಗಿಂತ ಒಣ ನೆಲ ಬೇಕಾಗಿತ್ತು. ಮರದ ವ್ಯಾಪಾರಿ ಲಾರಿ ತಂದ. ಮುಚ್ಚಿಗೆ, ಬಾಗಿಲು, ಏಳು ಕಂಬ ಹೋದವು. ಎಂಟನೆಯದನ್ನು ಅಮ್ಮ ಕೊಡಲಿಲ್ಲ, ಹಟ್ಟಿಯಲ್ಲಿ ಮಲಗಿಸಿದರು.

ಇದೇ ಕಾಲದಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಇಂಥ ಮನೆಗಳ ಹಿಂದೆ ಓಡಾಡುತ್ತಿದ್ದರು. ಬ್ಯಾಂಕಿನ ನೌಕರಿಯಲ್ಲಿದ್ದ ಮನುಷ್ಯ. ಕೆಡಹುವವರಿಂದ ಬಾಗಿಲು, ಕಂಬಗಳನ್ನು ಕೊಂಡು ಅವುಗಳಿಂದಲೇ ತಮಗೊಂದು ಮನೆ ಕಟ್ಟಿಕೊಂಡರು, ಅದರ ಹೆಸರು ‘ಹಸ್ತಶಿಲ್ಪ’. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿಮನೆ, ಹರ್ಕೂರು ಒಳಗಿನಮನೆ, ಕುಕನೂರಿನ ಕಮಲ್ ಮಹಲ್ ಎಲ್ಲ ಅಲ್ಲಿವೆ. ಅವರು 2017ರಲ್ಲಿ ತೀರಿಕೊಂಡರು. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಅಲ್ಲಿ ಕಂಬ ಭಾರ ಹೊರುತ್ತದೆ, ಅದೇ ವ್ಯತ್ಯಾಸ.

ಲಾರಿ ಹತ್ತಿದ ಮಿಕ್ಕ ಮರ ಎಲ್ಲಿಗೆ ಹೋಯಿತು? ನಾಟಾ ಆದದ್ದು ಎಷ್ಟೋ. ಆದರೆ ಅಂಥದ್ದನ್ನು ನೋಡಬೇಕಾದರೆ ಗೋರೆಗಾಂವ್‌ನವರು ದೂರ ಹೋಗಬೇಕಿಲ್ಲ. ಜೋಗೇಶ್ವರಿಗೂ ನಮಗೂ ನಡುವೆ, ಎಸ್.ವಿ. ರೋಡಿನ ಪಕ್ಕ ಓಶಿವರಾದ ಫರ್ನಿಚರ್ ಬಜಾರಿದೆ. ಗುಜರಾತಿನ ಬಾಗಿಲು, ಚೆಟ್ಟಿನಾಡಿನ ಕಂಬ, ಪಾರಸಿಗಳ ಆರಾಮಕುರ್ಚಿ, ಇವುಗಳ ಪಕ್ಕದಲ್ಲೇ ಹೋದ ವಾರ ಕೆತ್ತಿ, ಮಣ್ಣು ತಿಕ್ಕಿ, ಮೊಳೆ ಹೊಡೆದು ‘ಹಳತು’ ಮಾಡಿದ ಮಾಲು. ಗಿರಾಕಿ ಎರಡನ್ನೂ ಒಂದೇ ಕಣ್ಣಿಂದ ನೋಡುತ್ತಾನೆ. ಹಳೆಯ ಮರದ ಬೆನ್ನಿಗೆ ಕೈಯಿಟ್ಟು ನೋಡಿ: ಗೂಟ ಕೂತಿದ್ದ ತೂತು, ಮಾಡು ಹೊತ್ತ ಗುರುತು ಇದ್ದರೆ ನಿಜ.

ಈ ರುಚಿ ಹುಟ್ಟಿಸಿದ್ದರಲ್ಲಿ ಸಿನಿಮಾದವರ ಪಾಲೂ ಇದೆ. ಗೋರೆಗಾಂವ್ ಪೂರ್ವದಲ್ಲಿ ಸರಕಾರ 1977ರಲ್ಲಿ ಫಿಲ್ಮ್‌ಸಿಟಿ ಮಾಡಿತು. 2002ರ ‘ದೇವದಾಸ್’ ಚಿತ್ರದ ಹವೇಲಿಗಳು ಎದ್ದದ್ದು ಅಲ್ಲೇ. ಪ್ಲೈವುಡ್ಡು, ಪ್ಲಾಸ್ಟರಿನ ಕಂಬಗಳು. ಶೂಟಿಂಗ್ ಮುಗಿದ ಮೇಲೆ ಒಡೆದು ಹಾಕಿದರು. ಮನೆಯೊಳಗೆ ಟಿ.ವಿ. ಧಾರಾವಾಹಿಗಳು ದಿನವೂ ಅಂಥ ಕಂಬ, ಅಂಥ ಉಯ್ಯಾಲೆ ತೋರಿಸಿದವು. ಅಲ್ಲೇ ಪಕ್ಕದ ಆರೆ ಕಾಲೋನಿಯ ಪಾಡಾಗಳಲ್ಲಿ ವಾರ್ಲಿಗಳಿದ್ದಾರೆ. ಮದುವೆಗೆಂದು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಿಂದ ಹೆಂಗಸರು ಬರೆಯುತ್ತಿದ್ದ ಅವರ ಚಿತ್ರ ಈಗ ನಮ್ಮ ಕರ್ಟನ್ನು, ಕುಶನ್ನುಗಳ ಮೇಲಿದೆ. 2019ರ ಅಕ್ಟೋಬರಿನಲ್ಲಿ ಮೆಟ್ರೋ ಶೆಡ್ಡಿಗಾಗಿ ಆರೆಯ ಮರ ಕಡಿದಾಗ ಬೀದಿಗಿಳಿದವರಲ್ಲಿ ಆ ಪಾಡಾಗಳ ಹೆಂಗಸರಿದ್ದರು. ಕರ್ಟನ್ನು ತೂಗಿದ ಮನೆಯವರು ಎಷ್ಟು ಜನ ಹೋಗಿದ್ದರೋ.

ಅಮ್ಮ ತೀರಿಕೊಂಡ ಮೇಲೆ, 2003ರಲ್ಲಿ, ಎಂಟನೆಯ ಕಂಬ ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ ಗೋರೆಗಾಂವ್‌ಗೆ ಬಂತು. ಆಗ ನಾವು ಪೂರ್ವದ ಒಂದು ಫ್ಲ್ಯಾಟಿನಲ್ಲಿದ್ದೆವು. ಸೀಲಿಂಗ್ ಒಂಬತ್ತು ಅಡಿ, ಕಂಬ ಅದಕ್ಕಿಂತ ಎತ್ತರ. ಯು.ಪಿ.ಯ ಮಿಸ್ತ್ರಿ ತಲೆ ಕಡಿಯಲೋ ಕಾಲು ಕಡಿಯಲೋ ಅಂತ ಕೇಳಿದ. ತಾವರೆ ಉಳಿಯಲಿ, ಕಾಲು ತೆಗಿ ಅಂದೆ.

ಅದನ್ನು ನೋಡಲು ಬಂದವರಲ್ಲಿ ಅದೇ ಮಾಳಿಗೆಯ ಪೂಜಾರ್ರೂ ಒಬ್ಬರು. ಅವರದ್ದೂ ನಮ್ಮ ಊರೇ. ಅವರ ಅಪ್ಪ ನಮ್ಮ ಮನೆಯ ಚಾಲಗೇಣಿ ಒಕ್ಕಲು. ಕಂಬವನ್ನು ಮುಟ್ಟಲಿಲ್ಲ, ಸುತ್ತ ಒಂದು ಸುತ್ತು ಬಂದರು. “ಚಂದ ಉಂಟು ಶೆಟ್ರೇ. ಆದರೆ ನಾನು ಇದನ್ನು ಇಷ್ಟು ಹತ್ತಿರದಿಂದ ನೋಡುವುದು ಇವತ್ತೇ” ಅಂದರು. “ಅಪ್ಪ ಗೇಣಿ ಅಕ್ಕಿ ತಂದರೆ ಅಂಗಳದಲ್ಲೇ ನಿಲ್ಲಬೇಕಿತ್ತು. ನಾನು ಅವರ ಬೆನ್ನ ಹಿಂದೆ.” ಕೋಪದಿಂದ ಹೇಳಿದ್ದಲ್ಲ. ನನ್ನ ಹೆಂಡತಿ ಚಹಾ ತಂದಳು, ಇಬ್ಬರೂ ಕಂಬದ ಪಕ್ಕವೇ ಕೂತು ಕುಡಿದೆವು.

ನಾಲ್ಕೈದು ತಿಂಗಳಾದ ಮೇಲೆ ಅವರ ಮನೆಗೆ ಹೋದಾಗ ಹಾಲಿನ ನಡುಗೋಡೆಯಲ್ಲಿ ಗಾಜಿನ ಪೆಟ್ಟಿಗೆ. ಒಳಗೆ ಅವರ ಅಪ್ಪನ ಮುಟ್ಟಾಳೆ, ಹೊಲಕ್ಕೆ ಹೋಗುವಾಗ ಹಾಕುವ ಅಡಿಕೆ ಹಾಳೆಯ ಟೊಪ್ಪಿ. ಕೆಳಗೆ ಟ್ರಿಬ್ಯೂನಲ್ಲಿನ ಆದೇಶದ ಪ್ರತಿಯನ್ನೂ ಫ್ರೇಮು ಹಾಕಿಸಿದ್ದರು. ಒಕ್ಕಲಿನ ಹೆಸರಿನ ಎದುರು ಅವರ ಅಪ್ಪ, ಒಡೆಯರ ಹೆಸರಿನ ಎದುರು ನನ್ನ ಅಜ್ಜನ ತಮ್ಮ. ಗೋರೆಗಾಂವ್‌ನಲ್ಲಿ ನಾನು ನೋಡಿದ ಸಾಂಪ್ರದಾಯಿಕ ಅಲಂಕಾರಗಳಲ್ಲಿ ಇದರಷ್ಟು ನಿಜವಾದದ್ದು ಇನ್ನೊಂದಿಲ್ಲ, ನನ್ನ ಕಂಬವೂ ಸೇರಿ.

ಮೋತಿಲಾಲ್ ನಗರದ ಚಾಳುಗಳೂ ಈಗ ಹೋಗಲಿವೆ. ಪುನರ್ನಿರ್ಮಾಣದ ಯೋಜನೆಗೆ 2025ರ ಮಾರ್ಚಿನಲ್ಲಿ ಹೈಕೋರ್ಟು ದಾರಿ ಬಿಟ್ಟಿತು. ಅತ್ತೆಯ ಮಾಂಡಣಿಯನ್ನು ನನ್ನ ಮಗಳು ಕೇಳಿದ್ದಾಳೆ, ಅವಳ ಹೊಸ ಮನೆಯ ಹಾಲಿಗಂತೆ. ಇಲ್ಲಿಯ ಹವೆಗೆ ಹಾಳೆ ಟೊಪ್ಪಿಗೆ ಬೂಸ್ಟು ಹಿಡಿಯುತ್ತದೆ, ಕಂಬಕ್ಕೆ ಹುಳ. ಮಳೆಗಾಲ ಕಳೆದ ಮೇಲೆ ಪೂಜಾರ್ರು ಪೆಟ್ಟಿಗೆ ಬಿಚ್ಚಿ ಟೊಪ್ಪಿಯನ್ನು ಗ್ಯಾಲರಿಯ ಬಿಸಿಲಿಗೆ ಇಡುತ್ತಾರೆ. ಹುಳದ ಔಷಧಿ ಇದ್ದರೆ ಸ್ವಲ್ಪ ಕೊಡಿ ಅಂತ ಪ್ರತಿ ವರ್ಷ ನನ್ನಲ್ಲಿಗೆ ಬರುತ್ತಾರೆ, ಫ್ರೇಮಿನ ಮರಕ್ಕೆ ಬಳಿಯಲು.