ಸೀಮೆಎಣ್ಣೆ ಮುಗಿದರೆ ಪಾಠವೂ ಮುಗಿಯಿತು: ನಮ್ಮ ರಾತ್ರಿ ಶಾಲೆಗಳ ಕಥೆ

ಹಗಲೆಲ್ಲ ಹೊಲದಲ್ಲಿ ದುಡಿಯುವವರಿಗೆ ಓದಲು ಬಿಡುವು ಸಿಗುವುದು ರಾತ್ರಿ ಮಾತ್ರ. ರಾತ್ರಿ ಓದಬೇಕೆಂದರೆ ದೀಪ ಬೇಕು. ವಯಸ್ಕರ ಶಿಕ್ಷಣದ ಬಗ್ಗೆ ಬರೆಯುವವರು ಎಷ್ಟು ಜನ ಸಹಿ ಹಾಕಲು ಕಲಿತರು ಅನ್ನುವ ಲೆಕ್ಕ ಕೊಡುತ್ತಾರೆ. ಆ ದೀಪಕ್ಕೆ ಎಣ್ಣೆ ಎಲ್ಲಿಂದ ಬಂತು, ಎಣ್ಣೆ ನಿಂತ ಮೇಲೆ ಕಲಿತವರ ಗತಿ ಏನಾಯಿತು ಎಂದು ಕೇಳುವವರು ಕಡಿಮೆ.

ಈಗ ಈ ಪ್ರಶ್ನೆ ಕೇಳಲೇಬೇಕಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಆಗಿವೆ. ಕಂಪ್ಯೂಟರ್, ಟಿ.ವಿ., ಫ್ಯಾನು ಬರುತ್ತಿವೆ. ಅದರ ಜೊತೆಗೆ ಕರೆಂಟ್ ಬಿಲ್ಲೂ ಬರುತ್ತದೆ. ಇವು ಇಪ್ಪತ್ತು ವರ್ಷ ಬಾಳಬೇಕಾದರೆ ಹಿಂದಿನವು ಯಾಕೆ ಬಾಳಲಿಲ್ಲ ಅನ್ನುವುದು ನಮಗೆ ಗೊತ್ತಿರಬೇಕು.

ದಿವಾನರ ಕಾಲ

ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಗಿದ್ದು 1902ರಲ್ಲಿ. ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂತು. ನಮ್ಮ ಹಳ್ಳಿಗಳು ಇನ್ನೂ ಹಲವು ದಶಕ ಬುಡ್ಡಿ ದೀಪದಲ್ಲೇ ಇದ್ದವು.

ಆ ಕತ್ತಲಲ್ಲೇ ಮೈಸೂರು ಸಂಸ್ಥಾನ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ಶುರು ಮಾಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ವಯಸ್ಕರ ತರಗತಿಗಳೂ ಸಂಚಾರಿ ಗ್ರಂಥಾಲಯಗಳೂ ಬಂದವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಮುಂದೆ ಅಲ್ಲಿನ ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡಿದರು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಚಿಕ್ಕ ಪುಸ್ತಕಗಳಾಗಿಯೂ ಬಂದವು.

ಇಂಥ ತರಗತಿಗೆ ಬೇಕಾಗಿದ್ದು ಊರಲ್ಲಿ ಮೊದಲೇ ಇದ್ದ ಒಂದು ಜಾಗ, ಒಂದು ಲಾಟೀನು, ನಾಲ್ಕು ಸ್ಲೇಟು. ಹೊರಗಿನಿಂದ ಬರಬೇಕಾಗಿದ್ದು ಸೀಮೆಎಣ್ಣೆ. ಅದು ನಿಂತಾಗ ರಾತ್ರಿಯ ಪಾಠ ನಡೆಸುವುದು ಕಷ್ಟವಾಗುತ್ತಿತ್ತು.

ನಂಜನಗೂಡಿನಲ್ಲಿ ಒಂದು ಬೇರೆ ದಾರಿ

1940ರ ಸುಮಾರಿಗೆ ಮೈಸೂರಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ನಗರದಲ್ಲಿ ಅಕ್ಷರ ಪ್ರಚಾರಕ್ಕೆ ಇಳಿದರು. ಅದೇ ಬೆಳೆದು ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಪರಿಷತ್ತು ಆಯಿತು. ಹೊಸದಾಗಿ ಓದಲು ಕಲಿತವರಿಗಾಗಿ ಈ ಪರಿಷತ್ತು ‘ಬೆಳಕು’ ಎಂಬ ವಾರಪತ್ರಿಕೆ ತಂದಿತು, ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ನಡೆಸಿತು.

ಪರಿಷತ್ತು ಮಾಡಿದ ಇನ್ನೊಂದು ಕೆಲಸ ವಿದ್ಯಾಪೀಠ. ಮೊದಲನೆಯದು ಶುರುವಾಗಿದ್ದು 1947ರಲ್ಲಿ, ನಂಜನಗೂಡಿನಲ್ಲಿ. ಇದರ ಮಾದರಿ ಸಿಕ್ಕಿದ್ದು ದೂರದ ಡೆನ್ಮಾರ್ಕ್ ದೇಶದಲ್ಲಿ. ಅಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರದಿಂದ 1844ರಲ್ಲಿ ರೈತರ ಮಕ್ಕಳಿಗಾಗಿ ಜನತಾ ಶಾಲೆ ಹುಟ್ಟಿತ್ತು. ಆ ಶಾಲೆಗಳಲ್ಲಿ ಯುವಕರು ಕೆಲವು ತಿಂಗಳು ಒಟ್ಟಿಗೆ ಇದ್ದು, ಉಂಡು, ಕೆಲಸ ಮಾಡಿ, ಚರ್ಚೆ ಮಾಡಿ ಊರಿಗೆ ವಾಪಸಾಗುತ್ತಿದ್ದರು.

ನಂಜನಗೂಡಿನದೂ ಹಾಗೆಯೇ. ಹಳ್ಳಿಯ ಯುವಕರು ಅಲ್ಲೇ ಉಳಿದು ಬೇಸಾಯ, ಸಹಕಾರ, ಗುಡಿ ಕೈಗಾರಿಕೆ, ಆರೋಗ್ಯ, ಸಾಹಿತ್ಯ ಎಲ್ಲವನ್ನೂ ಕಲಿಯುತ್ತಿದ್ದರು. ಪುಸ್ತಕದ ಪಾಠದ ಜೊತೆಗೆ ನೆಲದ ಕೆಲಸ ಇರುತ್ತಿತ್ತು. ಮುಂದೆ ರಾಜ್ಯದ ಬೇರೆ ಕಡೆಗಳಲ್ಲೂ ಇಂಥ ವಿದ್ಯಾಪೀಠಗಳು ಆದವು.

‘ಪರಿಸರಸ್ನೇಹಿ’ ಎಂಬ ಮಾತು ಆಗ ಬಳಕೆಯಲ್ಲಿ ಇರಲಿಲ್ಲ. ಆದರೆ ಮಣ್ಣಿನ ಜೊತೆ ನಡೆಯುವ ಪಾಠಕ್ಕೆ ಹೊರಗಿನ ಸಾಮಾನು ಕಡಿಮೆ ಸಾಕು. ಹತ್ತಿರದ ಬದನವಾಳಿನಲ್ಲಿ ಖಾದಿ ಕೇಂದ್ರ ನಡೆಯುತ್ತಿತ್ತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಹೋಗಿದ್ದರು. ಕೈಕೆಲಸದ ಮೂಲಕ ಕಲಿಯಬೇಕು ಅನ್ನುವ ಅವರ ‘ನಯೀ ತಾಲೀಮ್’ ವಿಚಾರ 1937ರಲ್ಲಿ ವಾರ್ಧಾದಲ್ಲಿ ರೂಪ ಪಡೆಯಿತು. ವಿದ್ಯಾಪೀಠಕ್ಕೆ ನೆಲ ಸಿದ್ಧವಾಗಿತ್ತು ಎನ್ನಬಹುದು.

ಗೊಬ್ಬರದ ಚೀಲ ಓದಲು ಕಲಿಸಿದರು

1967–68ರಲ್ಲಿ ಕೇಂದ್ರ ಸರ್ಕಾರ ರೈತರಿಗಾಗಿಯೇ ಒಂದು ಸಾಕ್ಷರತಾ ಯೋಜನೆ ತಂದಿತು. ಹಸಿರು ಕ್ರಾಂತಿಯ ಹೊಸ ತಳಿಗಳು ಬಂದಿದ್ದ ಕಾಲ ಅದು. ರೈತನಿಗೆ ಅಕ್ಷರ ಬಂದರೆ ಬೀಜ, ಗೊಬ್ಬರ, ಔಷಧಿಯ ಅಳತೆ ಓದಿಕೊಳ್ಳುತ್ತಾನೆ, ಇಳುವರಿ ಹೆಚ್ಚುತ್ತದೆ ಅನ್ನುವುದು ಯೋಜನೆಯ ಲೆಕ್ಕ.

ಈ ಲೆಕ್ಕವನ್ನು ಇವತ್ತು ಕುಳಿತು ಬೈಯುವುದು ಸುಲಭ. ಆಗ ದೇಶ ಹಡಗಿನಲ್ಲಿ ಬರುವ ಗೋಧಿಗೆ ಕಾಯುತ್ತಿತ್ತು ಅನ್ನುವುದನ್ನು ಮರೆಯಬಾರದು. ಆದರೂ ಒಂದು ಮಾತು ನಿಜ. ವಯಸ್ಕರ ಶಿಕ್ಷಣದ ಪಾಠವೇ ಮಣ್ಣನ್ನು ಬದಲಿಸಬಲ್ಲದು. ಕೇಂದ್ರದ ಚಾವಣಿಗೆ ಸೋಲಾರ್ ಹಾಕಿ, ಒಳಗೆ ಎಕರೆಗೆ ಇನ್ನೊಂದು ಚೀಲ ಯೂರಿಯಾ ಸುರಿಯಿರಿ ಎಂದು ಪಾಠ ಹೇಳಿದರೆ ಪರಿಸರಕ್ಕೆ ಏನು ಉಪಕಾರ?

ಆ ಪಾಠ ತಿರುಗಿ ಬರಲು ಬಹಳ ಕಾಲ ಹಿಡಿಯಿತು. ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿ ತಂದಿದ್ದು 2004ರಲ್ಲಿ. ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕನಸಾಗಿದ್ದ ‘ಅಮೃತ ಭೂಮಿ’ ಚಾಮರಾಜನಗರ ಜಿಲ್ಲೆಯಲ್ಲಿ ನಿಂತಿದೆ. ರೈತರು ಅಲ್ಲಿಗೆ ಬಂದು, ಉಳಿದು, ನಾಟಿ ಬೀಜ ಮತ್ತು ಸಹಜ ಬೇಸಾಯ ಕಲಿಯುತ್ತಾರೆ. ನೆಲದ ಮೇಲೇ ಪಾಠ ನಡೆಯುವ ಇದನ್ನು ನೋಡಿದರೆ ನಂಜನಗೂಡಿನ ವಿದ್ಯಾಪೀಠ ನೆನಪಿಗೆ ಬರುತ್ತದೆ.

ಯೋಜನೆ ಬಂತು, ಯೋಜನೆ ಹೋಯಿತು

1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. 15ರಿಂದ 35 ವರ್ಷದೊಳಗಿನ 30 ಜನರಿಗೆ ಒಂದು ಕೇಂದ್ರ, ಸುಮಾರು 10 ತಿಂಗಳ ಪಾಠ, ಕಲಿಸುವವರಿಗೆ ತಿಂಗಳಿಗೆ 50 ರೂಪಾಯಿ ಗೌರವಧನ. ಲಾಟೀನಿಗೂ ಸೀಮೆಎಣ್ಣೆಗೂ ಯೋಜನೆಯಿಂದಲೇ ಹಣ.

ಮರುವರ್ಷ ಇರಾನಿನಲ್ಲಿ ಕ್ರಾಂತಿಯಾಯಿತು, ಪ್ರಪಂಚದಲ್ಲೆಲ್ಲ ತೈಲದ ಬೆಲೆ ಏರಿತು. ಆ ಕಾಲದಲ್ಲಿ ಡಬ್ಬ ಹಿಡಿದು ಸೀಮೆಎಣ್ಣೆಗೆ ಕ್ಯೂ ನಿಂತದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಎಲ್ಲೋ ಪರದೇಶದಲ್ಲಿ ಆದ ಗಲಾಟೆ ನಮ್ಮ ಹಳ್ಳಿಯ ದೀಪದವರೆಗೂ ಬರುವಂತಿತ್ತು. ಅದೇ ಹೊತ್ತಿಗೆ ರಾಜ್ಯದಲ್ಲಿ ಭಾಗ್ಯಜ್ಯೋತಿ ಬಂತು. ಬಡವರ ಮನೆಗೂ ಒಂದು ಬಲ್ಬು ಸಿಕ್ಕಿತು.

1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾಯಿತು. 1990ರಲ್ಲಿ ಕೇರಳದ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡಿತು, ಅದೇ ಹುರುಪಿನಲ್ಲಿ ನಮ್ಮ ರಾಜ್ಯದಲ್ಲೂ ಸಾಕ್ಷರತಾ ಆಂದೋಲನ ನಡೆಯಿತು. ಜಾಥಾ, ಬೀದಿನಾಟಕ, ಹಾಡು. ಸ್ವಯಂಸೇವಕರು ಸಂಬಳವಿಲ್ಲದೆ ಮನೆಯ ಜಗಲಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಪಾಠ ಹೇಳಿದರು. ಆಂದೋಲನ ತಣ್ಣಗಾದ ಮೇಲೆ ಎಷ್ಟೋ ಜನ ಕಲಿತ ಅಕ್ಷರ ಮರೆತರು. ಓದಲು ಒಂದು ಖಾಯಂ ಜಾಗ ಊರಲ್ಲಿ ಉಳಿಯದಿದ್ದರೆ ಹಾಗೇ ಆಗುವುದು.

2009ರ ಸೆಪ್ಟೆಂಬರ್ 8ರಂದು ‘ಸಾಕ್ಷರ ಭಾರತ್’ ಬಂತು. ಅದು ನಡೆದ ಜಿಲ್ಲೆಗಳಲ್ಲಿ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ತಿಂಗಳಿಗೆ 2,000 ರೂಪಾಯಿ ಗೌರವಧನದ ಇಬ್ಬರು ಪ್ರೇರಕರು. 2018ರ ಮಾರ್ಚ್‌ಗೆ ಯೋಜನೆ ಮುಗಿಯಿತು, ಪ್ರೇರಕರಿಗೆ ಕೆಲಸ ಹೋಯಿತು. 2022ರಿಂದ ‘ಉಲ್ಲಾಸ್’ ಹೆಸರಿನ ಹೊಸ ಕಾರ್ಯಕ್ರಮ ಸ್ವಯಂಸೇವಕರನ್ನೂ ಮೊಬೈಲನ್ನೂ ನಂಬಿ ನಡೆಯುತ್ತಿದೆ. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಸಾಕ್ಷರತೆ ಶೇ 72.79 ಇತ್ತು, ರಾಜ್ಯದ ಸರಾಸರಿಗಿಂತ ಕಡಿಮೆ. ಆದ್ದರಿಂದ ಕೆಲಸ ಮುಗಿದಿದೆ ಎಂದು ಯಾರೂ ಹೇಳುವ ಹಾಗಿಲ್ಲ.

ಪುರ ಎಂಬ ಹಳ್ಳಿ

ಊರೇ ತನ್ನ ಬೆಳಕನ್ನು ಮಾಡಿಕೊಳ್ಳಲು ಆಗುವುದಿಲ್ಲವೇ? ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಅದನ್ನು ಮಾಡಿ ನೋಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ತಂಡ ಶುರುವಾಗಿತ್ತು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಕೆಲಸ.

ಪುರದಲ್ಲಿ ಮೊದಲು ಸಗಣಿಯಿಂದ ಅಡುಗೆ ಗ್ಯಾಸ್ ಕೊಡಲು ನೋಡಿದರು. ಎಲ್ಲ ಮನೆಗೂ ಸಾಲುವಷ್ಟು ಗ್ಯಾಸ್ ಬರಲಿಲ್ಲ, ಜನ ಆಸಕ್ತಿ ಕಳೆದುಕೊಂಡರು. ಆಮೇಲೆ ಊರವರಿಗೆ ನಿಜವಾಗಿ ಏನು ಬೇಕು ಎಂದು ಕೇಳಿಕೊಂಡರು. ಬೇಕಾಗಿದ್ದು ನೀರು ಮತ್ತು ಬೆಳಕು. 1987ರಿಂದ ಅದೇ ಗೋಬರ್ ಗ್ಯಾಸಿನಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರು ಎತ್ತಿ, ಮನೆಗಳಿಗೆ ದೀಪ ಕೊಟ್ಟರು. ಸಗಣಿ ಕೊಟ್ಟವರಿಗೆ ಗೊಬ್ಬರ ವಾಪಸ್ ಸಿಗುತ್ತಿತ್ತು. ನಡೆಸುತ್ತಿದ್ದವರು ಊರಿನವರೇ. ಅದು ವರ್ಷಗಟ್ಟಲೆ ನಡೆದು ಕೊನೆಗೆ ನಿಂತಿತು. ಆದರೂ ಜನರನ್ನು ಕೇಳದೆ ತಂದದ್ದು ಬೇಗ ಸೋತಿತು, ಕೇಳಿ ತಂದದ್ದು ಬಹಳ ಕಾಲ ನಡೆಯಿತು ಅನ್ನುವುದನ್ನು ಮರೆಯಬಾರದು.

ಇದೇ ತಂಡದ ‘ಅಸ್ತ್ರ ಒಲೆ’ ನಿಮ್ಮ ಊರಿನ ಕೆಲವು ಮನೆಗಳಿಗೂ ಬಂದಿರಬಹುದು. ಸೌದೆ ಉಳಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಒಲೆ. ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟೇ ಅದನ್ನು ಹರಡಬೇಕಾಯಿತು. ಅದೂ ವಯಸ್ಕರ ಶಿಕ್ಷಣವೇ.

ಬ್ಯಾರನ್ ಊರಿನ ಪಾಠ

ಸೌದೆಯ ಮಾತು ಬಂದರೆ ನಮ್ಮ ನಾಲ್ಕು ತಾಲ್ಲೂಕುಗಳ ಹೊಗೆಸೊಪ್ಪಿನ ಮಾತು ಬರಲೇಬೇಕು. ವರ್ಜೀನಿಯಾ ಸೊಪ್ಪಿಗೆ ಈ ಸೀಮೆ ಹೆಸರುವಾಸಿ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರ ಇದೆ. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಿಂದ ಕರ್ನಾಟಕದಲ್ಲಿ ಮಂಡಳಿಯ ಹರಾಜು ನಡೆಯುತ್ತಿದೆ.

ಬ್ಯಾರನ್‌ಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಕಾಯಬೇಕು. ಹಳೆಯ ಬ್ಯಾರನ್‌ಗಳಲ್ಲಿ ಒಂದು ಕೆಜಿ ಸೊಪ್ಪು ಹದಕ್ಕೆ ಬರಲು ನಾಲ್ಕೈದು ಕೆಜಿ ಸೌದೆ ಉರಿಯುತ್ತದೆ. ಚಾವಣಿಯ ಮೇಲೆ ಭತ್ತದ ಹುಲ್ಲು ಹೊದಿಸಿ ಶಾಖ ಹೊರಗೆ ಹೋಗದಂತೆ ತಡೆದರೂ ಸೌದೆ ಉಳಿಯುತ್ತದೆ. ಖರ್ಚೇ ಇಲ್ಲದಂಥ ಈ ಪಾಠವನ್ನು ರೈತರು ಒಟ್ಟಿಗೆ ಕುಳಿತು ಮಾತಾಡಬೇಕಾದ ಜಾಗ ಊರಿನ ಕಲಿಕಾ ಕೇಂದ್ರವಲ್ಲದೆ ಇನ್ನೆಲ್ಲಿ? ಒಂದು ಊರಿನ ಬ್ಯಾರನ್‌ಗಳು ಉಳಿಸುವ ಸೌದೆಯ ಮುಂದೆ ಕೇಂದ್ರದ ಬಲ್ಬು ಉಳಿಸುವ ಕರೆಂಟು ಏನೇನೂ ಅಲ್ಲ.

ಸಮಯವೂ ಮುಖ್ಯ. ಬ್ಯಾರನ್ ಸೀಸನ್ನಿನಲ್ಲಿ ರಾತ್ರಿ ತರಗತಿ ಇಟ್ಟರೆ ಯಾರು ಬರುತ್ತಾರೆ? ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿ ಕಾಲದಲ್ಲೂ ಅಷ್ಟೇ.

ಎಚ್.ಡಿ. ಕೋಟೆಯ ಹಾಡಿಗಳ ಕಥೆ ಇನ್ನೊಂದು. ಕಾಡಿನ ಒಳಗೆ, ಅಂಚಿನಲ್ಲಿ ಇರುವ ಹಾಡಿಗಳಿಗೆ ಕರೆಂಟ್ ಲೈನ್ ಎಳೆಯುವುದು ಸುಲಭವಲ್ಲ. ಅಂಥ ಕಡೆ ಸೋಲಾರ್ ದೀಪವೇ ಗತಿ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಿಂದ ‘ಜನಧ್ವನಿ’ ಎಂಬ ಸಮುದಾಯ ರೇಡಿಯೊ ನಡೆಸುತ್ತದೆ. ಕೆಲಸ ಮಾಡುತ್ತಲೇ ಕೇಳಬಹುದು, ಅಕ್ಷರ ಬಾರದವರೂ ಕೇಳಬಹುದು, ಊರೂರಿಗೆ ಕಟ್ಟಡ ಬೇಕಿಲ್ಲ.

ಅರಿವು ಕೇಂದ್ರಕ್ಕೆ ಒಂದಿಷ್ಟು ಲೆಕ್ಕ

2020ರ ನವೆಂಬರ್ 14ರಂದು ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಹಳೆಯ ವಾರಪತ್ರಿಕೆಯ ಹೆಸರೇ ಮತ್ತೆ ಬಂದ ಹಾಗಾಯಿತು. ಈ ಬೆಳಕು ಆರದಿರಲು ಬೇಕಾದ್ದು ದೊಡ್ಡ ಯೋಜನೆಯಲ್ಲ.

ಒಂದು: 60 ವ್ಯಾಟಿನ ನಾಲ್ಕು ಹಳೆ ಬಲ್ಬು ಮೂರು ಗಂಟೆ ಉರಿದರೆ 720 ವ್ಯಾಟ್-ಅವರ್. 9 ವ್ಯಾಟಿನ ನಾಲ್ಕು ಎಲ್‌ಇಡಿ ಆದರೆ 108. ನೂರು ವ್ಯಾಟಿನ ಒಂದು ಸೋಲಾರ್ ಪ್ಯಾನೆಲ್ ಒಳ್ಳೆ ಬಿಸಿಲಿನ ದಿನ ಸುಮಾರು 400 ಕೊಡುತ್ತದೆ. ದೀಪ ಉರಿದು ಮೊಬೈಲ್ ಚಾರ್ಜಿಗೂ ಉಳಿಯುತ್ತದೆ.

ಎರಡು: ಪ್ಯಾನೆಲ್ ಇಪ್ಪತ್ತು ವರ್ಷ ಬರುತ್ತದೆ, ಬ್ಯಾಟರಿ ಬರುವುದಿಲ್ಲ. ನಾಲ್ಕೈದು ವರ್ಷಕ್ಕೆ ಬದಲಿಸಬೇಕು. ಅದಕ್ಕೆ ಪಂಚಾಯಿತಿ ಪ್ರತಿ ವರ್ಷ ಸ್ವಲ್ಪ ಹಣ ತೆಗೆದಿಡದಿದ್ದರೆ ಸೋಲಾರ್ ಕೂಡ ಸೀಮೆಎಣ್ಣೆಯ ಹಾದಿಯನ್ನೇ ಹಿಡಿಯುತ್ತದೆ.

ಮೂರು: 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ 70,000 ಲೀಟರ್. ಸೋರಿದ್ದು, ಆರಿದ್ದು ಕಳೆದರೂ 50,000 ಲೀಟರ್ ಮೇಲೆ ಹಿಡಿಯಬಹುದು. ಶೌಚಾಲಯಕ್ಕೆ, ಗಿಡಕ್ಕೆ ಅದು ಬರುತ್ತದೆ.

ನಾಲ್ಕು: ಶೀಟಿನ ಚಾವಣಿಗೆ ಬಿಳಿ ಸುಣ್ಣ, ಪಡುವಣಕ್ಕೆ ಎರಡು ಹೊಂಗೆ ಗಿಡ. ಫ್ಯಾನಿನ ಕೆಲಸ ಅರ್ಧ ಕಡಿಮೆ.

ಇದೆಲ್ಲಕ್ಕಿಂತ ಮೊದಲು ಪುರದವರನ್ನು ಕೇಳಿದ ಹಾಗೆ ಊರವರನ್ನು ಕೇಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಕೈ ಎತ್ತಿ ಎರಡು ಪ್ರಶ್ನೆ ಹಾಕಿ: ನಮ್ಮ ಅರಿವು ಕೇಂದ್ರದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಯೋಜನೆ ನಿಂತ ಮರುದಿನ ಅದರ ಬಾಗಿಲು ತೆಗೆಯುವವರು ಯಾರು? ಉತ್ತರ ಊರೊಳಗೇ ಸಿಕ್ಕರೆ ಆ ಕೇಂದ್ರ ಬಾಳುತ್ತದೆ.