ವಾರದ ಮನೆಗಳು, ಹಾಸ್ಟೆಲಿನ ತಟ್ಟೆ

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಓದುವಾಗ ನನಗೆ ಬೇಸರ ತರಿಸುವ ಒಂದು ಸಂಗತಿಯಿದೆ. ಯಾವ ವರ್ಷ ಶಾಸನವಾಯಿತು, ಯಾರು ಮೊದಲ ಕುಲಪತಿ, ಯಾವ ಕಟ್ಟಡಕ್ಕೆ ಯಾರು ಅಡಿಗಲ್ಲಿಟ್ಟರು ಎಂಬುದೆಲ್ಲ ಅವುಗಳಲ್ಲಿ ಸಿಗುತ್ತದೆ. ಹಳ್ಳಿಯಿಂದ ಬಂದ ಹುಡುಗ ಮಧ್ಯಾಹ್ನ ಎಲ್ಲಿ ಉಂಡ, ರಾತ್ರಿ ಎಲ್ಲಿ ಮಲಗಿದ ಎಂಬುದು ಮಾತ್ರ ಸಿಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಶುರುವಾಯಿತು, ಎಚ್.ವಿ. ನಂಜುಂಡಯ್ಯನವರು ಅದರ ಮೊದಲ ಕುಲಪತಿ. ಇಷ್ಟನ್ನು ಯಾವ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಯಾದರೂ ಹೇಳುತ್ತದೆ. ಆದರೆ ಓದು ಮುಂದುವರಿಯಬೇಕೋ ನಿಲ್ಲಬೇಕೋ ಎಂಬುದು ಆ ಕಾಲದಲ್ಲಿ ತೀರ್ಮಾನವಾಗುತ್ತಿದ್ದುದು ಹೆಚ್ಚಾಗಿ ಅಡುಗೆಮನೆಯಲ್ಲಿ. ಈಗ ನಾವು ‘ವಿದ್ಯಾರ್ಥಿ ಕ್ಷೇಮಪಾಲನೆ’ ಎಂದು ಫಲಕ ಹಾಕಿ ಒಂದು ಕೋಣೆಯಲ್ಲಿ ಕೂರಿಸಿರುವ ವ್ಯವಸ್ಥೆಯ ಬೇರುಗಳನ್ನು ಹುಡುಕಬೇಕಾದರೆ ಮೊದಲು ಅಲ್ಲಿಗೇ ಹೋಗಬೇಕು.

ವಾರಾನ್ನ ಎಂಬ ಪದ ಇವತ್ತಿನ ಬಹುಪಾಲು ವಿದ್ಯಾರ್ಥಿಗಳಿಗೆ ಗೊತ್ತಿರಲಾರದು. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಗುರುತಿನವರು, ದೂರದ ನೆಂಟರು, ಶಾಲೆಯ ಮೇಷ್ಟರು, ವಕೀಲರು ಹೀಗೆ ಯಾರದೋ ಶಿಫಾರಸಿನ ಮೇಲೆ ದಿನಗಳು ಭರ್ತಿಯಾಗಬೇಕು. ಏಳೂ ಸಿಕ್ಕಿದವನು ಪುಣ್ಯವಂತ. ಐದೇ ಸಿಕ್ಕಿದವನು ಉಳಿದೆರಡು ದಿನ ಛತ್ರವನ್ನೋ ದೇವಸ್ಥಾನವನ್ನೋ ನೆಚ್ಚಬೇಕು, ಇಲ್ಲವೇ ನೀರು ಕುಡಿದು ಮಲಗಬೇಕು. ಮನೆಯವರಿಗೆ ಸೂತಕ ಬಂದರೆ, ಯಜಮಾನರಿಗೆ ವರ್ಗವಾದರೆ, ಮನೆಯಾಕೆ ಹೆರಿಗೆಗೆ ತವರಿಗೆ ಹೋದರೆ ಆ ವಾರ ಖಾಲಿ. ಉಂಡ ಋಣಕ್ಕೆ ಬಾವಿಯಿಂದ ನೀರು ಸೇದುವುದು, ಅಂಗಡಿಗೆ ಹೋಗಿಬರುವುದು, ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುವುದು ಇದ್ದೇ ಇರುತ್ತಿತ್ತು. ಯಾರೂ ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ.

ಇದರ ಬಗ್ಗೆ ಕನ್ನಡದ ಆತ್ಮಕಥೆಗಳಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದು, ತನ್ನ ಮಕ್ಕಳ ಜೊತೆಗೇ ಕೂರಿಸಿ ಬಡಿಸಿದ ತಾಯಿಯ ನೆನಪು. ಇನ್ನೊಂದು, ಹೊರಜಗುಲಿಯಲ್ಲಿ ಎಲೆ ಹಾಕಿ ನಿನ್ನೆಯದನ್ನು ಬಡಿಸಿದವರ ನೆನಪು. ಹಸಿವು ಮತ್ತು ಓದು ಎರಡನ್ನೂ ಒಟ್ಟಿಗೆ ಹೊತ್ತು ಬೆಳೆದ ಹುಡುಗನ ಚಿತ್ರಕ್ಕೆ ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯನ್ನು ನೋಡಬೇಕು. ವಾರಾನ್ನವನ್ನು ಕೇವಲ ಔದಾರ್ಯವೆಂದು ಹಾಡಿ ಹೊಗಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಔದಾರ್ಯ ನಿಜ. ಆದರೆ ಒಂದು ತುತ್ತಿಗೆ ವಾರಕ್ಕೆ ಏಳು ಬಾಗಿಲಲ್ಲಿ ನಿಂತು ಏಳು ಮುಖಗಳ ಬಣ್ಣ ಓದಬೇಕಾಗಿದ್ದ ಹನ್ನೆರಡು ವರ್ಷದ ಹುಡುಗನೂ ಅಷ್ಟೇ ನಿಜ.

ಇನ್ನೂ ಮುಖ್ಯವಾದ ಮಾತೊಂದಿದೆ. ಈ ವಾರದ ಮನೆಗಳು ಎಲ್ಲರಿಗೂ ಇರಲಿಲ್ಲ. ಒಳಗೆ ಕೂತು ಉಣ್ಣಬೇಕಾದರೆ ಒಳಗೆ ಬರುವ ಜಾತಿಯವನಾಗಿರಬೇಕು. ಹೀಗಾಗಿ ಇದು ಬಹುಮಟ್ಟಿಗೆ ಬ್ರಾಹ್ಮಣ ಹುಡುಗರ ಏರ್ಪಾಡಾಗಿತ್ತು. ಉತ್ತರ ಕರ್ನಾಟಕದ ಕಡೆ ಇದರ ಜೊತೆಗೆ ಮಧುಕರ ವೃತ್ತಿ ಇತ್ತು. ಲಿಂಗಾಯತ ಮಠಗಳ ವಟುಗಳಿಗೆ ಜೋಳಿಗೆ ಹಿಡಿದು ತರುವ ಕಂತಿಭಿಕ್ಷೆ ಇತ್ತು. ಒಕ್ಕಲಿಗರ ಹುಡುಗ, ಕುರುಬರ ಹುಡುಗ, ಬೇಡರ ಹುಡುಗ ಪಟ್ಟಣಕ್ಕೆ ಬಂದರೆ ಅವನಿಗಿದ್ದ ದಾರಿ ಬಾಡಿಗೆ ಕೋಣೆ ಹಿಡಿದು ತಾನೇ ಬೇಯಿಸಿಕೊಳ್ಳುವುದು. ಊರಿಂದ ಅಕ್ಕಿ, ರಾಗಿ ಹೊತ್ತು ತರುವಷ್ಟು ಇದ್ದವರಿಗೆ ಅದು ಸಾಧ್ಯ. ದಲಿತ ಹುಡುಗನಿಗೆ ಬಾಡಿಗೆ ಕೋಣೆಯೂ ಇಲ್ಲ. ಶಾಲೆಯ ಬಾಗಿಲು ತೆರೆದಿದೆ ಎಂದು ಸರ್ಕಾರ ಹೇಳಿದರೂ ಮನೆಯ ಬಾಗಿಲು, ಬಾವಿಯ ಕಟ್ಟೆ, ಹೋಟೆಲಿನ ಬೆಂಚು ಎಲ್ಲವೂ ಮುಚ್ಚಿಯೇ ಇದ್ದವು. ಹುಡುಗಿಯರ ಮಾತಂತೂ ಎತ್ತಲೇಬೇಕಾಗಿಲ್ಲ. ವಾರದ ಹುಡುಗಿ ಎಂಬುದು ಭಾಷೆಯಲ್ಲಿಯೇ ಇಲ್ಲ.

ನಮ್ಮ ವಿದ್ಯಾರ್ಥಿನಿಲಯಗಳ ಚರಿತ್ರೆ ಜಾತಿಗಳ ಚರಿತ್ರೆಯೂ ಆಗಿರುವುದಕ್ಕೆ ಕಾರಣ ಇಲ್ಲಿದೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರಿಗೆ ಎಲೆ ಹಾಕದ ಸಮಾಜದಲ್ಲಿ ಪ್ರತಿಯೊಂದು ಸಮುದಾಯವೂ ತನ್ನ ಮಕ್ಕಳಿಗೆ ತಾನೇ ಒಲೆ ಹೂಡಬೇಕಾಯಿತು. ಧಾರವಾಡದಲ್ಲಿ 1883ರಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯ ಹಿಂದೆ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡರಂಥವರಿದ್ದರು. ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ಮೃತ್ಯುಪತ್ರದ ಮೂಲಕ ತಮ್ಮ ಆಸ್ತಿಯನ್ನು ಓದುವ ಮಕ್ಕಳಿಗೆ ಬಿಟ್ಟುಹೋದರು. ಆ ನಿಧಿಯಿಂದ ಓದಿದವರ ತಲೆಮಾರುಗಳೇ ಮುಂಬೈ ಕರ್ನಾಟಕದಲ್ಲಿವೆ. ಬೆಂಗಳೂರಿನಲ್ಲಿ ವ್ಯಾಪಾರಿ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಹತ್ತಿರ 1903ರಲ್ಲಿ ಛತ್ರ ಕಟ್ಟಿಸಿದರು. ಪ್ರಯಾಣಿಕರಿಗೆಂದು ಶುರುವಾದದ್ದು ಬಹುಬೇಗ ವಿದ್ಯಾರ್ಥಿಗಳ ಆಸರೆಯೂ ಆಯಿತು. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ ಅಲ್ಲಿದ್ದು ಓದಿದವರು. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳೂ ಅಲ್ಲಿದ್ದರು. ಪರರ ಅನ್ನದಲ್ಲಿ ಓದಿದ ಆ ಹುಡುಗ 1930ರಲ್ಲಿ ಸನ್ಯಾಸ ತೆಗೆದುಕೊಂಡು ತುಮಕೂರಿನ ಬೆಟ್ಟದ ಬುಡದಲ್ಲಿ ಸುತ್ತಲ ರೈತರು ತಂದುಕೊಟ್ಟ ರಾಗಿ, ಕಾಳುಗಳಿಂದಲೇ ಸಾವಿರಾರು ಮಕ್ಕಳಿಗೆ ಮುದ್ದೆ ಸಾರು ಹಾಕುವ ದಾಸೋಹವನ್ನು ಬೆಳೆಸಿದರು. 2019ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆ ಮಠದಲ್ಲಿ ಊಟ ವಸತಿ ಪಡೆಯುತ್ತಿದ್ದ ಮಕ್ಕಳ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಅವರಲ್ಲಿ ಎಲ್ಲ ಜಾತಿಯವರೂ ಇದ್ದರು. ಒಂದು ಸಮುದಾಯದ ಒಲೆ ಎಲ್ಲರ ಒಲೆಯಾಗಲು ಎಷ್ಟು ಕಾಲ ಬೇಕಾಯಿತು ಎಂಬುದೇ ಪ್ರತ್ಯೇಕ ಅಧ್ಯಯನದ ವಿಷಯ.

ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಇಂಥ ಸಂಘಗಳು ಆರಂಭದಲ್ಲಿ ಕೈಹಾಕಿದ ಕೆಲಸಗಳಲ್ಲಿ ಹಾಸ್ಟೆಲು ಮತ್ತು ವಿದ್ಯಾರ್ಥಿವೇತನ ಮುಂದಿನ ಸಾಲಿನಲ್ಲಿದ್ದವು. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರ ಅನಾಥಾಲಯವನ್ನೂ ಇಲ್ಲಿ ನೆನೆಯಬೇಕು. ಅನಾಥರಿಗೆ ಎಂಬ ಹೆಸರಿದ್ದರೂ ಅದು ಬಡ ವಿದ್ಯಾರ್ಥಿಗಳ ಮನೆಯಾಗಿತ್ತು. ಗಡಿಯಾಚೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮುಂದಕ್ಕೆ ಮರಾಠರು, ಜೈನರು, ಮುಸ್ಲಿಮರು, ಲಿಂಗಾಯತರು, ಅಸ್ಪೃಶ್ಯರು ಎಂದು ಒಂದೊಂದು ಸಮುದಾಯಕ್ಕೂ ಒಂದೊಂದು ಬೋರ್ಡಿಂಗ್ ತೆರೆಸುತ್ತ ಹೋದರು. ಬೆಳಗಾವಿ, ವಿಜಾಪುರದ ಕಡೆಯ ಹುಡುಗರಿಗೆ ಆಗ ಕಾಲೇಜೆಂದರೆ ಕೊಲ್ಲಾಪುರ ಅಥವಾ ಪುಣೆ. ಮುಂದೆ ಉಪರಾಷ್ಟ್ರಪತಿಯಾದ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು ಓದಿದ್ದು ಅಲ್ಲಿನ ರಾಜಾರಾಮ್ ಕಾಲೇಜಿನಲ್ಲಿ.

ಸಮುದಾಯದ ಬಳಿ ಹಣವಿದ್ದರೆ ಸಂಘ, ಮಠ, ಛತ್ರ. ಹಣವೇ ಇಲ್ಲದ ಸಮುದಾಯಕ್ಕೆ? ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ದಲಿತ ಮಕ್ಕಳಿಗೆ ಶಾಲೆಯ ಜೊತೆ ಊಟ ವಸತಿಯನ್ನೂ ಕೊಡಲು ಹೊರಟಾಗ ಸ್ವಂತ ಜಾತಿಯವರ ಬಹಿಷ್ಕಾರ ಎದುರಿಸಬೇಕಾಯಿತು. ಮೈಸೂರು ಸಂಸ್ಥಾನದಲ್ಲಿ ಗೋಪಾಲಸ್ವಾಮಿ ಅಯ್ಯರ್ ದಲಿತ ಹುಡುಗರ ಹಾಸ್ಟೆಲುಗಳಿಗಾಗಿ ದುಡಿದರು. ಇವೆಲ್ಲ ವ್ಯಕ್ತಿಗಳ ಅಂತಃಕರಣದ ಮೇಲೆ ನಿಂತ ಕೆಲಸಗಳು. ಅದು ಸಾಲದು, ಸರ್ಕಾರದ ಬೊಕ್ಕಸದಿಂದಲೇ ಬರಬೇಕು ಎಂದು ಪಟ್ಟುಹಿಡಿದವರಲ್ಲಿ ಮುಖ್ಯರು ಅಂಬೇಡ್ಕರ್. ಸ್ವತಃ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿಬಂದವರು ಅವರು. ಬಹಿಷ್ಕೃತ ಹಿತಕಾರಿಣಿ ಸಭೆಯ ಕಾಲದಲ್ಲೇ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆದರು. ಅನಂತರ ಮುಂಬೈ ಸರ್ಕಾರದ ಅನುದಾನದಿಂದ ನಡೆದ ಐದು ಹಾಸ್ಟೆಲುಗಳಲ್ಲಿ ಒಂದು ನಮ್ಮ ಧಾರವಾಡದಲ್ಲಿತ್ತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾದಾಗ ಅವರು ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಸದಸ್ಯರಾಗಿದ್ದರು. ಇವತ್ತು ವಿಶ್ವವಿದ್ಯಾನಿಲಯದ ಕಿಟಕಿಯ ಮುಂದೆ ಆದಾಯ ಪ್ರಮಾಣಪತ್ರ ಹಿಡಿದು ಸಾಲಿನಲ್ಲಿ ನಿಲ್ಲುವ ಹುಡುಗಿ ಹುಡುಗರೆಲ್ಲ ಆ ಯೋಜನೆಯ ವಾರಸುದಾರರು.

ವಾರಾನ್ನಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಅಲ್ಲಿ ಕೊಡುವವರ ಮುಖ ಕಾಣುತ್ತಿತ್ತು, ಇಲ್ಲಿ ಕಾಣುವುದಿಲ್ಲ. ಮುಖ ಕಾಣದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಹಣ ಆರು ತಿಂಗಳು ತಡವಾಗಿ ಬಂದಾಗಲೂ.

ಮೈಸೂರಿನಲ್ಲಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯನ್ನು ನಾವು ಸಾಮಾನ್ಯವಾಗಿ ನೌಕರಿಯ ಮೀಸಲಾತಿಗೆ ಜೋಡಿಸಿ ಓದುತ್ತೇವೆ. ಆದರೆ ಹಿಂದುಳಿದವರಿಗೆ ನೌಕರಿ ಕೊಡಬೇಕಾದರೆ ಮೊದಲು ಪದವಿ ಮುಗಿಸಿದ ಹಿಂದುಳಿದವರು ಸಿಗಬೇಕು. ಅವರು ಸಿಗಬೇಕಾದರೆ ವಿದ್ಯಾರ್ಥಿವೇತನವೂ ಹಾಸ್ಟೆಲೂ ಬೇಕು. ಈ ಸರಳ ಸರಪಳಿಯನ್ನು ಪೂರ್ತಿಯಾಗಿ ಕೈಗೆತ್ತಿಕೊಳ್ಳಲು ಇನ್ನೂ ಅರ್ಧ ಶತಮಾನ ಹಿಡಿಯಿತು. ದೇವರಾಜ ಅರಸು ಮುಖ್ಯಮಂತ್ರಿಯಾದ 1972ರಲ್ಲೇ ಹಾವನೂರು ಆಯೋಗದ ನೇಮಕವಾಯಿತು, 1975ರಲ್ಲಿ ವರದಿ ಬಂತು. ಆ ದಶಕದಲ್ಲಿ ತಾಲ್ಲೂಕು ಕೇಂದ್ರಗಳವರೆಗೆ ಹರಡಿದ ಸರ್ಕಾರಿ ಹಾಸ್ಟೆಲುಗಳು ಮಾಡಿದ ಕೆಲಸವನ್ನು ಯಾವ ಕಾಲೇಜು ಕಟ್ಟಡವೂ ಮಾಡಲಿಲ್ಲವೆಂದರೆ ತಪ್ಪಾಗದು.

ಆ ಕೆಲಸ ಊಟಕ್ಕಷ್ಟೇ ನಿಲ್ಲಲಿಲ್ಲ. ವಾರಾನ್ನದ ಹುಡುಗ ಒಂಟಿ. ಉಂಡು, ಕೈತೊಳೆದು, ತಲೆತಗ್ಗಿಸಿ ಹೊರಡುವವನು. ಹಾಸ್ಟೆಲಿನ ಹುಡುಗನಿಗೆ ಪಕ್ಕದಲ್ಲಿ ಅವನಂಥವರೇ ನೂರು ಜನ. ಸಾರು ನೀರಾಗಿದೆ ಎಂದು ಒಬ್ಬ ಗೊಣಗಿದರೆ ಅದು ದೂರು. ನೂರು ಜನ ತಟ್ಟೆ ಬಡಿದರೆ ಅದು ಚಳವಳಿ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಬೆಂಗಳೂರಿನ ಗೋಪಾಲಪುರದ ಹಾಸ್ಟೆಲು ಮರೆಯುವುದಿಲ್ಲ. ಅಲ್ಲಿನ ಬಡತನ, ತಮಾಷೆ, ಚರ್ಚಾಸ್ಪರ್ಧೆಗಳ ಹುಚ್ಚು, ಓದಲು ಜಾಗ ಹುಡುಕಿಕೊಂಡು ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ ಹುಡುಗ, ಎಲ್ಲವನ್ನೂ ಅವರು ನಗುತ್ತ ನಗಿಸುತ್ತ ಹೇಳುತ್ತಾರೆ. ಆ ನಗುವಿನ ಕೆಳಗೆ ಏನಿತ್ತೆಂಬುದು 1975ರಲ್ಲಿ ಬಂದ ‘ಹೊಲೆಮಾದಿಗರ ಹಾಡು’ ಸಂಕಲನದಿಂದ ಗೊತ್ತಾಗುತ್ತದೆ. ಅದಕ್ಕೆ ಮುಂಚೆ 1973ರ ಕೊನೆಯಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ರಾಜ್ಯವೆಲ್ಲ ಗಲಾಟೆಯಾಯಿತಲ್ಲ, ಆಗ ಅವರ ಪರ ನಿಂತು ಪೆಟ್ಟು ತಿಂದವರಲ್ಲಿ ಹಾಸ್ಟೆಲಿನ ದಲಿತ ವಿದ್ಯಾರ್ಥಿಗಳು ಬಹಳ ಮಂದಿ. ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಆ ಬಿಸಿಯಲ್ಲೇ. ಹಾಗಾಗಿ ಬಂಡಾಯ ಮತ್ತು ದಲಿತ ಸಾಹಿತ್ಯದ ಹುಟ್ಟನ್ನು ವಿವರಿಸುವಾಗ ಮಾರ್ಕ್ಸ್, ಲೋಹಿಯಾ, ಅಂಬೇಡ್ಕರರ ಜೊತೆಗೆ ಸಮಾಜ ಕಲ್ಯಾಣ ಇಲಾಖೆಯ ಅಡುಗೆಭಟ್ಟರನ್ನೂ ಸೇರಿಸಬೇಕೆಂದು ನಾನು ಗೆಳೆಯರ ಹತ್ತಿರ ವಾದಿಸುವುದುಂಟು. ಅವರು ನಗುತ್ತಾರೆ, ನಾನು ಅರ್ಧ ಮಾತ್ರ ತಮಾಷೆಗೆ ಹೇಳಿರುತ್ತೇನೆ.

ಕುವೆಂಪು ಅವರ ಉದಾಹರಣೆ ಬೇರೆ ಥರದ್ದು. ಮಲೆನಾಡಿನ ಅನುಕೂಲಸ್ಥ ಮನೆತನದವರಾದ ಅವರಿಗೆ ಅನ್ನದ ಕೊರತೆ ಇರಲಿಲ್ಲ. ಆದರೆ ಮೈಸೂರಿನಲ್ಲಿ ಓದುವಾಗ ಕೋಣೆಯಲ್ಲಿ ಒಂಟಿಯಾಗಿದ್ದು ಕಾಯಿಲೆ ಬಿದ್ದಾಗ ನೋಡಿಕೊಳ್ಳುವವರು ಬೇಕಾಯಿತು. ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದರು. 1936ರವರೆಗೆ ಅದೇ ಅವರ ಮನೆಯಾಯಿತು. ‘ನೆನಪಿನ ದೋಣಿಯಲ್ಲಿ’ ಓದುವಾಗ ಅನ್ನಿಸುವುದಿದು: ಕಾಲೇಜು ಪಾಠ ಹೇಳಿತು, ಅಧ್ಯಾಪಕರು ಪ್ರೀತಿಸಿದರು, ಆದರೆ ಜ್ವರ ಬಂದ ಹುಡುಗನ ಹಣೆ ಮುಟ್ಟಿ ನೋಡುವ ಕೆಲಸ ಯಾರದೂ ಆಗಿರಲಿಲ್ಲ. ಈಗಿನ ಕ್ಯಾಂಪಸ್ಸಿನಲ್ಲಿ ಆರೋಗ್ಯ ಕೇಂದ್ರವಿದೆ, ಆಪ್ತಸಮಾಲೋಚಕರಿದ್ದಾರೆ, ಸಮಾನ ಅವಕಾಶ ಘಟಕವಿದೆ, ದೂರು ಪೆಟ್ಟಿಗೆಯಿದೆ. ಇವುಗಳಲ್ಲಿ ಎಷ್ಟೋ ಬಂದದ್ದು ಯಾರೋ ಕೇಳಿ, ಕೂಗಿ, ಕೆಲವು ಸಲ ಪ್ರಾಣ ಕಳೆದುಕೊಂಡ ಮೇಲೆ. 2016ರ ಜನವರಿಯಲ್ಲಿ ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡಾಗ ಅವರ ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ಬಾಕಿಯಿತ್ತು ಮತ್ತು ಹಾಸ್ಟೆಲಿನಿಂದ ಅವರನ್ನು ಹೊರಗಿಡಲಾಗಿತ್ತು. ವಿಶ್ವವಿದ್ಯಾನಿಲಯವೊಂದು ಕೊಡಬೇಕಾದ ಎರಡು ಮೂಲಭೂತ ಆಸರೆಗಳು ಯಾವುವು ಎಂದು ಯಾರಾದರೂ ಕೇಳಿದರೆ ತೋರಿಸಲು ಬೇರೆ ಉದಾಹರಣೆ ಬೇಕಿಲ್ಲ.

ಕರ್ನಾಟಕದಲ್ಲಿ ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು ಒಂದು ದಶಕದ ಹಿಂದೆ ವಿದ್ಯಾಸಿರಿ ಎಂಬ ಯೋಜನೆ ಬಂತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ದಿನಕ್ಕೆ 50 ರೂಪಾಯಿ. ಅದರಲ್ಲೇ ಊಟ, ಅದರಲ್ಲೇ ಬಾಡಿಗೆ. ಮೂರು ನಾಲ್ಕು ಜನ ಸೇರಿ ಒಂದು ಕೋಣೆ ಹಿಡಿದು, ಒಂದು ಕುಕ್ಕರಿನಲ್ಲಿ ಸರದಿಯ ಮೇಲೆ ಅನ್ನ ಇಟ್ಟುಕೊಂಡು ಎಂ.ಎ. ಮುಗಿಸಿದವರು ನನ್ನ ಓರಗೆಯಲ್ಲೇ ಇದ್ದಾರೆ. ಅವರ ಕೋಣೆಯ ಗೋಡೆಯ ಮೇಲೆ ಸೋಮವಾರ ಇವನು, ಮಂಗಳವಾರ ಅವನು ಎಂದು ಅಡುಗೆಯ ಪಟ್ಟಿ ಅಂಟಿಸಿರುತ್ತಿತ್ತು.

ಈ ಚರಿತ್ರೆಯಲ್ಲಿ ದಾಖಲೆಯೇ ಉಳಿಯದ ಒಂದು ಭಾಗವಿದೆ. ದಾನಿಗಳ ಹೆಸರು ಕಲ್ಲಿನ ಮೇಲಿದೆ, ಸ್ವಾಮಿಗಳ ಹೆಸರು ರಸ್ತೆಗಳಿಗಿದೆ, ಉಂಡು ದೊಡ್ಡವರಾದವರು ಆತ್ಮಕಥೆ ಬರೆದಿದ್ದಾರೆ. ಬಡಿಸಿದವರಲ್ಲಿ ಬಹುಪಾಲು ಹೆಂಗಸರು. ಅನೇಕರು ಆ ಮನೆಗಳಲ್ಲಿ ಅಡುಗೆಗೆ ಕೂತಿದ್ದ ವಿಧವೆಯರು. ‘ಗುರುವಾರದ ಮನೆಯ ಅಮ್ಮ’ ಎಂಬಷ್ಟರಲ್ಲೇ ಅವರ ಪರಿಚಯ ಮುಗಿಯುತ್ತದೆ. ಅದೇ ಮನೆಯಲ್ಲಿ ವಾರದ ಹುಡುಗನ ಓರಗೆಯ ಹೆಣ್ಣುಮಗುವೊಂದು ಶಾಲೆ ಬಿಟ್ಟು, ಅವನಿಗೆ ನೀರಿನ ಚೊಂಬು ತಂದಿಡುತ್ತಿದ್ದಿರಬಹುದು. ಅವಳು ಬರೆದದ್ದು ಏನೂ ಸಿಕ್ಕಿಲ್ಲ.